ರೈಜೆನ್ 5 1600 ಓವರ್‌ಕ್ಲಾಕ್: 38 ಡಿಗ್ರಿ ಸೆಕೆಯ ರೂಮಿಗೆ ಯಾವ ಕೂಲರ್? ಮುಂದೆ ಪ್ರೊಸೆಸರ್ ಬದಲಿಸುವ ಯೋಚನೆಯೂ ಇದೆ

ಸಿಂಧನೂರು_ಸ್ಟುಡಿಯೋ
ಎಲ್ಲರಿಗೂ ನಮಸ್ಕಾರ. ಸಿಂಧನೂರಿನಲ್ಲಿ ಸಣ್ಣ ಸ್ಟುಡಿಯೋ ಇಟ್ಟುಕೊಂಡಿದ್ದೇನೆ. ಮದುವೆ, ಸೀಮಂತ, ಗೃಹಪ್ರವೇಶದ ವಿಡಿಯೋ ಎಡಿಟಿಂಗ್ ನನ್ನ ಕೆಲಸ. 2019ರಲ್ಲಿ ಕಟ್ಟಿಸಿದ ಕಂಪ್ಯೂಟರ್. ರೈಜೆನ್ 5 1600, ಬಿ450 ಬೋರ್ಡ್, 8 ಜಿಬಿಯ ಎರಡು ರ‍್ಯಾಮ್, ಜಿಟಿಎಕ್ಸ್ 1650 ಕಾರ್ಡ್. ಕೂಲರ್ ಪ್ರೊಸೆಸರ್ ಬಾಕ್ಸ್‌ನಲ್ಲೇ ಬಂದ ರೇತ್ ಸ್ಪೈರ್.

ಎಡಿಟ್ ಮುಗಿದ ಒಂದು ದೊಡ್ಡ ಮದುವೆ ವಿಡಿಯೋವನ್ನು ಕೊನೆಯ ಫೈಲ್ ಮಾಡಲು ಎಕ್ಸ್‌ಪೋರ್ಟ್‌ಗೆ ಹಾಕಿದರೆ ಮೂರು ಗಂಟೆ ಹಿಡಿಯುತ್ತದೆ. ಸೀಸನ್‌ನಲ್ಲಿ ಒಂದೇ ವಾರಕ್ಕೆ ನಾಲ್ಕೈದು ಮದುವೆ ಬಂದರೆ ರಾತ್ರಿಯೆಲ್ಲ ಕೂರಬೇಕು. ಹಾಗಾಗಿ ಒಂದು ವಿಡಿಯೋ ನೋಡಿಕೊಂಡು ಓವರ್‌ಕ್ಲಾಕ್ ಮಾಡಿದೆ, ಅಂದರೆ ಪ್ರೊಸೆಸರ್ ಸ್ಪೀಡ್ ಮಾಮೂಲಿಗಿಂತ ಏರಿಸಿ 3.8 ಗಿಗಾಹರ್ಟ್ಸ್, 1.35 ವೋಲ್ಟ್ ಇಟ್ಟೆ. ಆರೇ ನಿಮಿಷಕ್ಕೆ 95 ಡಿಗ್ರಿ ತೋರಿಸಿತು. ಫ್ಯಾನ್ ಸದ್ದು ಹಿಟ್ಟಿನ ಗಿರಣಿ ತರಹ. ಹೆದರಿ ಮೊದಲಿನ ಹಾಗೇ ಮಾಡಿಟ್ಟೆ.

ಕೇಳಬೇಕಾದದ್ದು ಇಷ್ಟು. ಯಾವ ಕೂಲರ್ ಹಾಕಿದರೆ 4 ಗಿಗಾಹರ್ಟ್ಸ್ ಸಿಗುತ್ತದೆ? ಮುಂದಿನ ವರ್ಷ ಪ್ರೊಸೆಸರ್ ಬದಲಿಸಬೇಕು ಅಂತಿದ್ದೇನೆ. ಈಗ ಹಾಕುವ ದುಡ್ಡು ಆಗ ದಂಡ ಆಗಬಾರದು.

ಹಳೇಬೋರ್ಡ್_ದಾವಣಗೆರೆ
ತಮ್ಮಾ, ಕೂಲರ್ ವಿಷಯ ಆಮೇಲೆ ನೋಡೋಣ. ಮೊದಲು ನಾಲ್ಕು ವಿಷಯ ಹೇಳು. ಕಂಪ್ಯೂಟರ್ ಇರುವ ರೂಮಿನಲ್ಲಿ ಮಧ್ಯಾಹ್ನ ಎಷ್ಟು ಡಿಗ್ರಿ? ಕೊನೆಯ ಸಲ ಕ್ಲೀನ್ ಮಾಡಿದ್ದು ಯಾವಾಗ? ಎಕ್ಸ್‌ಪೋರ್ಟ್ ನಡೆಯುವಾಗ ಟಾಸ್ಕ್ ಮ್ಯಾನೇಜರ್‌ನಲ್ಲಿ ಪ್ರೊಸೆಸರ್ 100ಕ್ಕೆ 100 ಇರುತ್ತಾ? ಎಸ್‌ಎಂಪಿಎಸ್ (ಕರೆಂಟ್ ಕೊಡುವ ಡಬ್ಬಿ) ಯಾವುದು, ಕ್ಯಾಬಿನೆಟ್ ಜೊತೆ ಬಂದದ್ದಾ?

ಸಿಂಧನೂರು_ಸ್ಟುಡಿಯೋ
ಅಣ್ಣ, ರೂಮು ಈಗ 38 ಡಿಗ್ರಿ. ಮೇಲೆ ಆರ್‌ಸಿಸಿ, ಬಿಸಿಲೆಲ್ಲ ಇಳಿಯುತ್ತದೆ. 2019ರಿಂದ ಒಂದು ಸಲವೂ ಕೂಲರ್ ಬಿಚ್ಚಿಲ್ಲ. ಎರಡು ಬೀದಿ ಆಚೆ ರೈಸ್ ಮಿಲ್ ಇದೆ, ಧೂಳು ಸಿಕ್ಕಾಪಟ್ಟೆ. ಪ್ರೊಸೆಸರ್ ಪೂರ್ತಿ 100 ಇರುತ್ತದೆ. ಗ್ರಾಫಿಕ್ಸ್ ಕಾರ್ಡ್‌ನಿಂದ ಮಾಡಿಸುವ ಹಾರ್ಡ್‌ವೇರ್ ಎನ್‌ಕೋಡಿಂಗ್‌ನಲ್ಲಿ ಬೇಗ ಆಗುತ್ತದೆ, ಆದರೆ ಅಷ್ಟೇ ಸೈಜ್‌ನ ಫೈಲ್‌ನಲ್ಲಿ ಹೂವಿನ ಮಂಟಪ, ಜರಿ ಸೀರೆ ಎಲ್ಲ ಕಲಸಿದ ಹಾಗೆ ಕಾಣುತ್ತದೆ. ಅದಕ್ಕೇ ಪ್ರೊಸೆಸರ್‌ನಲ್ಲೇ ಮಾಡುತ್ತೇನೆ. ಎಸ್‌ಎಂಪಿಎಸ್ 550 ವ್ಯಾಟ್, 80 ಪ್ಲಸ್ ಬ್ರಾಂಜ್. ಮಾಮೂಲಿ ಸ್ಪೀಡ್‌ನಲ್ಲೇ ಎಕ್ಸ್‌ಪೋರ್ಟ್ ಮಾಡಿದರೂ 84 ಡಿಗ್ರಿ ಬರುತ್ತದೆ.

ಹಳೇಬೋರ್ಡ್_ದಾವಣಗೆರೆ
ಸೆಟ್ಟಿಂಗ್ ಮುಟ್ಟುವ ಮುಂಚೆಯೇ 84 ಅಂದರೆ ಅರ್ಧ ಉತ್ತರ ಅಲ್ಲೇ ಇದೆ. ಪ್ರೊಸೆಸರ್‌ಗೂ ಕೂಲರ್‌ಗೂ ಮಧ್ಯೆ ಹಚ್ಚಿದ ಇಷ್ಟು ವರ್ಷದ ಪೇಸ್ಟ್ ಒಣಗಿ ಸುಣ್ಣ ಆಗಿರುತ್ತದೆ. ಹೊಟ್ಟಿನ ಧೂಳು ಬೇರೆ. ಬಿಚ್ಚಿ, ಕ್ಲೀನ್ ಮಾಡಿ, ಹೊಸ ಪೇಸ್ಟ್ ಹಚ್ಚಿ ಮತ್ತೆ ಅಳತೆ ಮಾಡು. ಆಮೇಲೆ ಮುಂದಿನ ಮಾತು.

ಶಿವಮೊಗ್ಗ_ಲ್ಯಾಬ್
ಬಿಚ್ಚುವ ಮುಂಚೆ ದಯವಿಟ್ಟು ಇದನ್ನು ಓದಿ. ನನ್ನ ಹಾಗೆ ನೀವೂ ಮಾಡಿಕೊಳ್ಳಬೇಡಿ.

ನಾನೂ ಇದೇ 1600 ಇಟ್ಟುಕೊಂಡಿದ್ದೆ. ಎರಡು ವರ್ಷದ ಹಿಂದೆ, ಬೆಳಗ್ಗೆ ಇನ್ನೂ ಕಂಪ್ಯೂಟರ್ ಆನ್ ಮಾಡಿರಲಿಲ್ಲ, ನಾಲ್ಕು ಸ್ಕ್ರೂ ಬಿಚ್ಚಿ ಕೂಲರ್ ನೇರ ಮೇಲಕ್ಕೆ ಎಳೆದೆ. "ಟಕ್" ಅಂತ ಸದ್ದು ಬಂತು. ಕೂಲರ್ ತಿರುಗಿಸಿ ನೋಡಿದರೆ ಪ್ರೊಸೆಸರ್ ಅದಕ್ಕೇ ಅಂಟಿಕೊಂಡು ಬಂದಿದೆ. ಸಾಕೆಟ್‌ನ ಲಿವರ್ ಇನ್ನೂ ಲಾಕ್ ಆಗಿಯೇ ಇತ್ತು. 1600 ಕೂರುವ ಸಾಕೆಟ್‌ನ ಹೆಸರು ಎಎಮ್4. ಎಎಮ್4 ಪ್ರೊಸೆಸರ್‌ಗೆ ಅಡಿಯಲ್ಲಿ 1331 ಪಿನ್. ಬಲಮೂಲೆಯಲ್ಲಿ ಆರು ಪಿನ್ ಮಲಗಿಬಿಟ್ಟಿದ್ದವು.

ಕೈ ನಡುಗುತ್ತಿತ್ತು. ಸೀಸ ತೆಗೆದ ಪೆನ್ ಪೆನ್ಸಿಲ್‌ನ ತುದಿಯೊಳಗೆ ಒಂದೊಂದೇ ಪಿನ್ ತೂರಿಸಿ, ಕೂದಲೆಳೆಯಷ್ಟು ಕೂದಲೆಳೆಯಷ್ಟೇ ನೆಟ್ಟಗೆ ಮಾಡಿದೆ. ಸಾಲು ಸರಿಯಾಗಿದೆಯಾ ಅಂತ ನೋಡುವುದಕ್ಕೆ ಹಳೇ ಎಟಿಎಂ ಕಾರ್ಡ್ ಪಿನ್‌ಗಳ ಮಧ್ಯೆ ಆಡಿಸಿದೆ. ಒಂದೂವರೆ ಗಂಟೆ ಆಯಿತು. ಪುಣ್ಯಕ್ಕೆ ಯಾವುದೂ ಮುರಿಯಲಿಲ್ಲ, ಇವತ್ತಿಗೂ ನಡೆಯುತ್ತಿದೆ.

ಹೀಗೆ ಮಾಡಿ. ಹತ್ತು ನಿಮಿಷ ಎಕ್ಸ್‌ಪೋರ್ಟ್ ಓಡಿಸಿ ಪ್ರೊಸೆಸರ್ ಬಿಸಿ ಮಾಡಿ. ಶಟ್‌ಡೌನ್ ಮಾಡಿ, ವಯರ್ ಕಿತ್ತು ತಕ್ಷಣ ಸ್ಕ್ರೂ ಬಿಚ್ಚಿ. ಎಳೆಯಬೇಡಿ. ಡಬ್ಬಿ ಮುಚ್ಚಳ ತಿರುಗಿಸಿದ ಹಾಗೆ ಕೂಲರನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಗಿಸಿ. ಪೇಸ್ಟ್ ಬಿಟ್ಟುಕೊಂಡಿದ್ದು ಕೈಗೇ ಗೊತ್ತಾಗುತ್ತದೆ. ಆಮೇಲೆ ಎತ್ತಿ.

ಸಿಂಧನೂರು_ಸ್ಟುಡಿಯೋ
ಅಕ್ಕ, ನೀವು ಹೇಳದೇ ಇದ್ದಿದ್ದರೆ ನಾನೂ ನೇರ ಎಳೆದೇ ಎಳೆಯುತ್ತಿದ್ದೆ. ತುಂಬಾ ಥ್ಯಾಂಕ್ಸ್.

ಇವತ್ತು ಬೆಳಗ್ಗೆ ಬಿಚ್ಚಿದೆ. ಬಿಸಿ ಮಾಡಿ ತಿರುಗಿಸಿದ್ದಕ್ಕೆ ಸಲೀಸಾಗಿ ಬಂತು. ಫ್ಯಾನ್ ತೆಗೆದರೆ ಅಲ್ಯೂಮಿನಿಯಂ ರೆಕ್ಕೆಗಳೇ ಕಾಣುತ್ತಿಲ್ಲ. ಮೇಲೆ ಕಂದು ಬಣ್ಣದ ಕಂಬಳಿ ಹೊದಿಸಿದ ಹಾಗೆ ಹೊಟ್ಟಿನ ಧೂಳು. ಉಗುರಿನಿಂದ ಎಬ್ಬಿಸಿದರೆ ಒಂದೇ ಹಾಳೆಯಾಗಿ ಎದ್ದು ಬಂತು. ಬೆಳಕಿಗೆ ಹಿಡಿದರೆ ಒಳಗೆ ಭತ್ತದ ಸಿಪ್ಪೆಯ ಚೂರು ಮಿಣಮಿಣ ಅನ್ನುತ್ತಿತ್ತು. ಪೇಸ್ಟ್ ಅಣ್ಣ ಹೇಳಿದ ಹಾಗೇ ಸುಣ್ಣ.

ಪೇಂಟ್ ಬ್ರಷ್‌ನಿಂದ ಉಜ್ಜಿ, ಬ್ಲೋವರ್ ಹೊಡೆದು, ಐಸೋಪ್ರೊಪೈಲ್‌ನಲ್ಲಿ ಒರೆಸಿ, ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್ ಇಟ್ಟೆ. ಮಧ್ಯಾಹ್ನ ಅದೇ 38 ಡಿಗ್ರಿ ರೂಮಿನಲ್ಲಿ ಅದೇ ಎಕ್ಸ್‌ಪೋರ್ಟ್ ಹಾಕಿದರೆ 73! ಹನ್ನೊಂದು ಡಿಗ್ರಿ ಇಳಿಯಿತು. ಖರ್ಚಾಗಿದ್ದು ಪೇಸ್ಟಿನ ದುಡ್ಡು ಮಾತ್ರ.

ಎಸ್‌ಪಿರೋಡ್_ಸುತ್ತಾಟ
ಸೂಪರ್. ಬ್ಲೋವರ್ ಹೊಡೆಯುವಾಗ ಫ್ಯಾನ್ ತಿರುಗದ ಹಾಗೆ ಬೆರಳಿನಿಂದ ಹಿಡಿದುಕೊಳ್ಳಿ, ಜೋರಾಗಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಇನ್ನೊಂದು, ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ಸ್ಪೀಡ್ ಎಷ್ಟು ತೋರಿಸುತ್ತಿದೆ ನೋಡಿ ಹೇಳಿ.

ಸಿಂಧನೂರು_ಸ್ಟುಡಿಯೋ
2133 ಅಂತ ಇದೆ ಸರ್. ರ‍್ಯಾಮ್ ಬಾಕ್ಸ್ ಮೇಲೆ 3000 ಅಂತ ಬರೆದಿದೆ.

ಎಸ್‌ಪಿರೋಡ್_ಸುತ್ತಾಟ
ಅದೇ ಅನುಮಾನ ಇತ್ತು. ಬಯೋಸ್‌ನಲ್ಲಿ (ಕಂಪ್ಯೂಟರ್ ಆನ್ ಆಗುವಾಗ ಬರುವ ಬೋರ್ಡ್‌ನ ಸೆಟ್ಟಿಂಗ್) ಎಕ್ಸ್‌ಎಂಪಿ, ಅಂದರೆ ರ‍್ಯಾಮನ್ನು ಬಾಕ್ಸ್ ಮೇಲಿನ ಸ್ಪೀಡ್‌ಗೆ ಓಡಿಸುವ ಆಯ್ಕೆ, ಆನ್ ಮಾಡಿಲ್ಲ. ನಾನು ಬೆಂಗಳೂರಿನಲ್ಲಿ ಎಷ್ಟೋ ಜನರಿಗೆ ಕಂಪ್ಯೂಟರ್ ಕಟ್ಟಿಕೊಟ್ಟಿದ್ದೇನೆ. ಬೇರೆಯವರು ಕಟ್ಟಿದ ಮಷಿನ್ ನನ್ನ ಹತ್ತಿರ ಬಂದಾಗಲೆಲ್ಲ ಮೊದಲು ನೋಡುವುದು ಇದನ್ನೇ. ರೈಜೆನ್‌ನ ಒಳಗೆ ಕೋರ್‌ಗಳ ಎರಡು ಗುಂಪನ್ನು ಜೋಡಿಸುವ ಇನ್ಫಿನಿಟಿ ಫ್ಯಾಬ್ರಿಕ್ ಅನ್ನೋದು ಒಂದಿದೆ. ಮೊದಲ ತಲೆಮಾರಿನ ರೈಜೆನ್‌ನಲ್ಲಿ ಅದು ರ‍್ಯಾಮ್ ಸ್ಪೀಡ್‌ಗೆ ಕಟ್ಟಿಹಾಕಿದ ಹಾಗೆ ಓಡುತ್ತದೆ. ರ‍್ಯಾಮ್ ನಿಧಾನ ಆದರೆ ಕೋರ್‌ಗಳ ನಡುವಿನ ಮಾತೂ ನಿಧಾನ. 1600ಗೆ ರೈಜೆನ್ ಮಾಡುವ ಕಂಪನಿ ಎಎಮ್‌ಡಿ ಅಧಿಕೃತವಾಗಿ ಹೇಳಿರುವುದು 2667. ಆದರೆ 2933 ಸಾಮಾನ್ಯವಾಗಿ ನಡೆಯುತ್ತದೆ. ಎಕ್ಸ್‌ಎಂಪಿ ಹಾಕಿ, ಸ್ಪೀಡ್ ಮಾತ್ರ 2933ಕ್ಕೆ ಇಳಿಸಿ, ಒಂದು ರಾತ್ರಿ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಿಸಿ. ಒಂದೇ ಒಂದು ಎರರ್ ಬಂದರೂ ಇನ್ನೊಂದು ಮೆಟ್ಟಿಲು ಇಳಿಸಿ. ಗಿರಾಕಿಯ ಮದುವೆ ಫೂಟೇಜ್ ಇರುವ ಮಷಿನ್‌ನಲ್ಲಿ ರ‍್ಯಾಮ್ ಎರರ್ ಇಟ್ಟುಕೊಂಡು ಕೆಲಸ ಮಾಡಬಾರದು.

ಹಳೇಬೋರ್ಡ್_ದಾವಣಗೆರೆ
ಈಗ ಓವರ್‌ಕ್ಲಾಕ್ ವಿಷಯಕ್ಕೆ ಬರೋಣ. ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಇಲ್ಲೇ ಎಲ್ಲರೂ ಎಡವುತ್ತಾರೆ.

ಪ್ರೊಸೆಸರ್‌ನ ಬಿಸಿ ಸ್ಪೀಡ್ ಜೊತೆ ಒಂದಕ್ಕೆ ಒಂದರಂತೆ ಏರುತ್ತದೆ. ಆದರೆ ವೋಲ್ಟ್ ಜೊತೆ ವರ್ಗದ ಲೆಕ್ಕದಲ್ಲಿ ಏರುತ್ತದೆ. ವೋಲ್ಟ್ ಸ್ವಲ್ಪ ಜಾಸ್ತಿ ಮಾಡಿದರೂ ಬಿಸಿ ತುಂಬಾ ಜಾಸ್ತಿ ಆಗುತ್ತದೆ. ನಿನ್ನ 1600 ಎಲ್ಲ ಆರು ಕೋರ್ ಓಡುವಾಗ 3.4 ಗಿಗಾಹರ್ಟ್ಸ್‌ನಲ್ಲಿ ಇರುತ್ತದೆ. ಆಗ ವೋಲ್ಟ್ ಸುಮಾರು 1.2 ಇದೆ ಅಂತ ಇಟ್ಟುಕೋ. ನೀನು ಮಾಡಿದ್ದು 3.8 ಮತ್ತು 1.35. ಸ್ಪೀಡ್ 12 ಪರ್ಸೆಂಟ್ ಹತ್ತಿರ ಏರಿತು. 1.35 ಭಾಗಿಸು 1.2, ಅದರ ವರ್ಗ, ಅದಕ್ಕೆ ಸ್ಪೀಡಿನ ಏರಿಕೆ ಗುಣಿಸಿದರೆ ಬಿಸಿ 41 ಪರ್ಸೆಂಟ್ ಏರಿತು. ಹಳೇ ಪೇಸ್ಟು, ಹೊಟ್ಟಿನ ಕಂಬಳಿ ಇಟ್ಟುಕೊಂಡು ಇಷ್ಟನ್ನು ಆ ಸಣ್ಣ ಕೂಲರ್ ಹೇಗೆ ತಡೆಯಬೇಕು?

ಈಗ ಇನ್ನೊಂದು ಲೆಕ್ಕ ನೋಡು. 3.7 ಮತ್ತು 1.25 ಇಟ್ಟರೆ ಸ್ಪೀಡ್ 9 ಪರ್ಸೆಂಟ್, ಬಿಸಿ 18 ಪರ್ಸೆಂಟ್ ಅಷ್ಟೇ. ನಿನ್ನ ಮೂರು ಗಂಟೆ ಎಕ್ಸ್‌ಪೋರ್ಟ್ 3.8ರಲ್ಲಿ 161 ನಿಮಿಷ, 3.7ರಲ್ಲಿ 165 ನಿಮಿಷ. ನಾಲ್ಕು ನಿಮಿಷಕ್ಕೋಸ್ಕರ ಅಷ್ಟೊಂದು ಬಿಸಿ ಯಾಕೆ ಹೊರಬೇಕು? 4 ಗಿಗಾಹರ್ಟ್ಸ್ ಆಸೆ ಬಿಟ್ಟುಬಿಡು. ಈ ಚಿಪ್‌ಗೆ ಅಲ್ಲಿ 1.4 ವೋಲ್ಟ್ ಆಸುಪಾಸು ಬೇಕು, ನಿಮ್ಮ ಊರಿನ ಏಪ್ರಿಲ್‌ನಲ್ಲಿ ಅದು ಕೆಲಸದ ಮಷಿನ್‌ಗೆ ಆಗುವ ಮಾತಲ್ಲ.

ಎಲ್ಲ ಚಿಪ್ ಒಂದೇ ತರಹ ಇರುವುದಿಲ್ಲ. ನಿನ್ನದು 1.25ಕ್ಕೆ 3.7 ಕೊಡದಿದ್ದರೆ 3.65ಕ್ಕೆ ಬಾ. ವೋಲ್ಟ್ ಏರಿಸಬೇಡ, ಸ್ಪೀಡ್ ಇಳಿಸು.

ಬರ್ಲಿನ್_ಕನ್ನಡಿಗ
ಅಣ್ಣನ ಮಾತಿಗೆ ಒಂದು ಸೇರಿಸುತ್ತೇನೆ. ನಾನು ರಾಯಚೂರಿನವನು, ಈಗ ಬರ್ಲಿನ್‌ನಲ್ಲಿದ್ದೇನೆ. ಇಲ್ಲಿ ಚಳಿಗಾಲದಲ್ಲಿ ನನ್ನ ರೂಮು 20 ಡಿಗ್ರಿ. ಕೂಲರ್ ಅನ್ನೋದು ರೂಮಿನ ಗಾಳಿಯ ಮೇಲೆ ಇಷ್ಟು ಡಿಗ್ರಿ ಅಂತ ಲೆಕ್ಕ. ಪ್ರೊಸೆಸರ್ 45 ಡಿಗ್ರಿ ಮೇಲಿದ್ದರೆ ನನಗೆ 65, ನಿಮಗೆ 83. ಅದೇ ಕೂಲರ್, ಅದೇ ಚಿಪ್. ಯೂಟ್ಯೂಬ್‌ನಲ್ಲಿ ನೋಡುವ ಬಹಳಷ್ಟು ಟೆಸ್ಟ್‌ಗಳು 20–22 ಡಿಗ್ರಿ ರೂಮಿನಲ್ಲಿ ಮಾಡಿದವು. ಅವರ ಸೆಟ್ಟಿಂಗ್ ನೋಡುವಾಗ ನಿಮ್ಮ ರೂಮಿನ ವ್ಯತ್ಯಾಸ ಮೊದಲು ಕೂಡಿಸಿ. ನೀರಿನ ಕೂಲರ್ ಹಾಕಿದರೂ ಅಷ್ಟೇ, ಅದೂ ರೂಮಿನ ಗಾಳಿಗಿಂತ ತಣ್ಣಗೆ ಮಾಡುವುದಿಲ್ಲ.

ಸಿಂಧನೂರು_ಸ್ಟುಡಿಯೋ
ಗೊತ್ತಾಯಿತು. ಹಾಗಾದರೆ ಕೂಲರ್ ಬೇಕಾ, ಬೇಡವಾ? ಇನ್ನೊಂದು ಪ್ರಶ್ನೆ. ರೂಮಿನಲ್ಲಿ ಹುಲ್ಲಿನ ಪ್ಯಾಡ್ ಇರುವ ಏರ್ ಕೂಲರ್ ಇದೆ. ಅದನ್ನು ಕ್ಯಾಬಿನೆಟ್ ಕಡೆ ತಿರುಗಿಸಬಹುದಾ? ತೇವಕ್ಕೆ ಬೋರ್ಡ್ ಶಾರ್ಟ್ ಆಗುತ್ತದೆ ಅಂತ ಒಬ್ಬರು ಹೇಳಿದರು.

ಕುಂದಾಪುರ_ಕಡಲು
ತೇವದ ವಿಷಯ ನಮಗೆ ಕೇಳಿ, ಮಳೆಗಾಲದಲ್ಲಿ ನಮ್ಮ ಗೋಡೆಯೇ ಬೆವರುತ್ತದೆ. ತೇವದ ಗಾಳಿ ತನಗಿಂತ ತಣ್ಣಗಿನ ವಸ್ತುವಿಗೆ ತಾಗಿದಾಗ ಮಾತ್ರ ನೀರಾಗುತ್ತದೆ. ಓಡುತ್ತಿರುವ ಕಂಪ್ಯೂಟರ್ ಯಾವಾಗಲೂ ರೂಮಿಗಿಂತ ಬಿಸಿ. ಹಾಗಾಗಿ ಬರೀ ತೇವದಿಂದ ಬೋರ್ಡ್ ಮೇಲೆ ಹನಿ ಕೂರುವುದಿಲ್ಲ. ತೊಂದರೆ ಇರುವುದು ಪ್ಯಾಡಿನಿಂದ ಹಾರುವ ತುಂತುರಿನಲ್ಲಿ. ಬೋರ್‌ವೆಲ್ ನೀರಾದರೆ ಅದರ ಉಪ್ಪು ಬೋರ್ಡ್ ಮೇಲೆ ಬಿಳಿ ಬಿಳಿ ಕಲೆಯಾಗಿ ಉಳಿಯುತ್ತದೆ. ಕೂಲರ್ ರೂಮು ತಣ್ಣಗೆ ಮಾಡಲಿ, ಆದರೆ ಗಾಳಿ ನೇರ ಕ್ಯಾಬಿನೆಟ್‌ಗೆ ಹೊಡೆಯದ ಹಾಗೆ ಓರೆ ಇಡಿ. ಕಿಟಕಿ ಒಂದು ತೆರೆದಿಡಿ, ಇಲ್ಲದಿದ್ದರೆ ಸ್ವಲ್ಪ ಹೊತ್ತಿಗೆ ಅದು ತಣ್ಣಗೆ ಮಾಡುವುದೇ ನಿಂತುಹೋಗುತ್ತದೆ.

ಹಳೇಬೋರ್ಡ್_ದಾವಣಗೆರೆ
ಪ್ರೊಸೆಸರ್‌ನ ಕೂಲರ್ ಬೇಕು. ಇವತ್ತಿನ 1600ಗೆ ಅಂತ ಅಲ್ಲ, ನಾಳೆ ಬರುವ ಪ್ರೊಸೆಸರ್‌ಗೆ ಅಂತ ತಗೋ. ಇದೇ ಎಎಮ್4 ಬೋರ್ಡ್‌ಗೆ ಮುಂದೆ ನೀನು ಹಾಕಬೇಕಾದದ್ದು ರೈಜೆನ್ 7 5700ಎಕ್ಸ್, ಅದರ ಬಾಕ್ಸ್‌ನಲ್ಲಿ ಕೂಲರ್ ಬರುವುದಿಲ್ಲ. ಈಗ ತಗೊಂಡಿದ್ದೇ ಆಗ ಕೆಲಸಕ್ಕೆ ಬರುತ್ತದೆ. ರೆಕ್ಕೆಗಳ ಒಂದು ಗೋಪುರ, ಬಿಸಿ ಸಾಗಿಸುವ ನಾಲ್ಕು ಹೀಟ್‌ಪೈಪ್, 120 ಮಿ.ಮೀ. ಫ್ಯಾನ್. ಡೀಪ್‌ಕೂಲ್ ಎಕೆ400 ತರಹದ್ದು ಸಾಕು, ಎರಡು ಮೂರು ಸಾವಿರದೊಳಗೆ ಮುಗಿಯುತ್ತದೆ. ಎರಡು ಗೋಪುರದ್ದು, 240ರ ನೀರಿನದ್ದು ಈ ಚಿಪ್‌ಗಳಿಗೆ ಬೇಡ. ಆ ದುಡ್ಡು ಉಳಿಸಿ ಪ್ರೊಸೆಸರ್‌ಗೆ ಹಾಕು.

ಕೊಳ್ಳುವ ಮುಂಚೆ ಸ್ಕೇಲ್ ಹಿಡಿದು ಅಳತೆ ಮಾಡು. ಎಕೆ400 ಎತ್ತರ 155 ಮಿ.ಮೀ. ಪ್ರೊಸೆಸರ್ ಮೇಲ್ಮೈಯಿಂದ ಕ್ಯಾಬಿನೆಟ್ ಬಾಗಿಲಿನವರೆಗೆ ಅಷ್ಟು ಜಾಗ ಇರಲೇಬೇಕು. ನನ್ನ ಅಂಗಡಿಗೆ ಒಬ್ಬರು ಕೂಲರ್ ಹಾಕಿಸಿಕೊಂಡು ಬಂದಿದ್ದರು, ಬಾಗಿಲು ಮುಚ್ಚಲಾಗದೆ ಎರಡು ವರ್ಷ ತೆರೆದೇ ಇಟ್ಟಿದ್ದರು. ಒಳಗೆ ಜಿರಳೆ ಸಂಸಾರ ಹೂಡಿತ್ತು.

ಇನ್ನೊಂದು ಮುಖ್ಯ ವಿಷಯ, ಇದನ್ನು ಯಾರೂ ಹೇಳುವುದಿಲ್ಲ. ಸ್ಪೈರ್ ಕೂಲರ್ ಗಾಳಿಯನ್ನು ಕೆಳಕ್ಕೆ ಊದುತ್ತದೆ. ಆ ಗಾಳಿ ಬೋರ್ಡ್ ಮೇಲೆ ಹರಡಿ ಸಾಕೆಟ್ ಪಕ್ಕದ ವಿಆರ್‌ಎಮ್ ಅನ್ನೂ ತಂಪು ಮಾಡುತ್ತದೆ. ವಿಆರ್‌ಎಮ್ ಅಂದರೆ 12 ವೋಲ್ಟನ್ನು ಪ್ರೊಸೆಸರ್‌ಗೆ ಬೇಕಾದ ಒಂದು ಚಿಲ್ಲರೆ ವೋಲ್ಟ್‌ಗೆ ಇಳಿಸುವ ಭಾಗ. ಗೋಪುರದ ಕೂಲರ್ ಗಾಳಿಯನ್ನು ಅಡ್ಡ ಹೊಡೆಯುತ್ತದೆ, ವಿಆರ್‌ಎಮ್‌ಗೆ ಸಿಗುವ ಗಾಳಿ ಕಡಿಮೆ. ಪ್ರೊಸೆಸರ್ ತಣ್ಣಗೆ ತೋರಿಸುತ್ತದೆ, ಪಕ್ಕದಲ್ಲಿ ವಿಆರ್‌ಎಮ್ ಕಾದು ಕೆಂಡ. ನಿನ್ನ ಬೋರ್ಡ್‌ನಲ್ಲಿ ಆ ಜಾಗಕ್ಕೆ ಹೀಟ್‌ಸಿಂಕ್ ಇದೆಯಾ ನೋಡು. ಇಲ್ಲದಿದ್ದರೆ ಕ್ಯಾಬಿನೆಟ್ ಹಿಂದೆ ಒಂದು 120 ಮಿ.ಮೀ. ಫ್ಯಾನ್ ಬಿಸಿ ಗಾಳಿ ಹೊರಗೆಳೆಯುವ ಹಾಗೆ ಕಡ್ಡಾಯ ಹಾಕು.

ಸಿಂಧನೂರು_ಸ್ಟುಡಿಯೋ
ಹೀಟ್‌ಸಿಂಕ್ ಇಲ್ಲ ಅಣ್ಣ, ಬರೀ ಕಪ್ಪು ಚಿಪ್‌ಗಳು ಕಾಣುತ್ತವೆ. ಹಿಂದಿನ ಫ್ಯಾನೂ ಇಲ್ಲ. ಕ್ಯಾಬಿನೆಟ್ ಅಳತೆ ಮಾಡಿದೆ, 163 ಮಿ.ಮೀ. ಇದೆ. ಎರಡೂ ಆರ್ಡರ್ ಮಾಡುತ್ತೇನೆ. 5700ಎಕ್ಸ್ ಯಾಕೆ ಅಂದಿರಿ? ಎಲ್ಲರೂ 5700ಎಕ್ಸ್3ಡಿ ಅನ್ನುತ್ತಾರಲ್ಲ.

ಎಸ್‌ಪಿರೋಡ್_ಸುತ್ತಾಟ
ಎಲ್ಲರೂ ಗೇಮ್ ಆಡುವವರು, ಅದಕ್ಕೆ. 5700ಎಕ್ಸ್3ಡಿಯಲ್ಲಿ 96 ಎಂಬಿ ಎಲ್3 ಕ್ಯಾಶ್ ಇದೆ, ಗೇಮ್‌ಗೆ ಅದು ವರ. ಆದರೆ ಅದರ ಬೂಸ್ಟ್, ಅಂದರೆ ತಾನೇ ಏರುವ ಗರಿಷ್ಠ ಸ್ಪೀಡ್, 4.1 ಗಿಗಾಹರ್ಟ್ಸ್‌ಗೆ ನಿಲ್ಲುತ್ತದೆ. ಮಾಮೂಲಿ 5700ಎಕ್ಸ್ 4.6ವರೆಗೆ ಹೋಗುತ್ತದೆ. ಎರಡಕ್ಕೂ ಎಂಟು ಕೋರ್, ಹದಿನಾರು ಥ್ರೆಡ್. ಎಕ್ಸ್‌ಪೋರ್ಟ್ ಕೆಲಸಕ್ಕೆ ಸ್ಪೀಡ್ ಬೇಕು. ಇನ್ನೊಂದು, 5700ಎಕ್ಸ್ 65 ವ್ಯಾಟ್ ದರ್ಜೆಯದ್ದು. ಸೆಟ್ಟಿಂಗ್ ಮುಟ್ಟದಿದ್ದರೆ ಸಾಕೆಟ್‌ನಿಂದ 76 ವ್ಯಾಟ್‌ಗಿಂತ ಜಾಸ್ತಿ ಎಳೆಯುವುದಿಲ್ಲ. ಹೀಟ್‌ಸಿಂಕ್ ಇಲ್ಲದ ನಿಮ್ಮ ಬೋರ್ಡ್‌ಗೆ, ನಿಮ್ಮ ಊರಿನ ಬಿಸಿಲಿಗೆ ಅದೇ ಸರಿ. ಹನ್ನೆರಡು ಕೋರ್‌ನ 5900ಎಕ್ಸ್ ಆ ಬೋರ್ಡ್ ಮೇಲೆ ಹಾಕಬೇಡಿ, ಅದು 142 ವ್ಯಾಟ್‌ವರೆಗೆ ಎಳೆಯುತ್ತದೆ.

ತಲೆಮಾರಿನ ವ್ಯತ್ಯಾಸವೂ ಇದೆ. ನಿಮ್ಮ 1600 ಮೊದಲ ಝೆನ್ ತಲೆಮಾರಿನದು, 5700ಎಕ್ಸ್ ಝೆನ್ 3. ಒಂದೇ ಸ್ಪೀಡ್‌ನಲ್ಲಿ ಓಡಿಸಿದರೂ ಝೆನ್ 2 ಅದರ ಹಿಂದಿನದಕ್ಕಿಂತ 15 ಪರ್ಸೆಂಟ್, ಝೆನ್ 3 ಅದಕ್ಕಿಂತ 19 ಪರ್ಸೆಂಟ್ ಜಾಸ್ತಿ ಕೆಲಸ ಮಾಡುತ್ತದೆ ಅಂತ ಎಎಮ್‌ಡಿ ಹೇಳಿಕೊಂಡಿದೆ. ಅದರ ಮೇಲೆ ಎರಡು ಕೋರ್ ಜಾಸ್ತಿ, ಸ್ಪೀಡ್ ಜಾಸ್ತಿ. 1600ನ್ನು ಎಷ್ಟೇ ಹಿಂಡಿದರೂ ಅಲ್ಲಿಗೆ ಹೋಗುವುದಿಲ್ಲ.

ಶಿವಮೊಗ್ಗ_ಲ್ಯಾಬ್
ವಿಂಡೋಸ್ ವಿಷಯವೂ ನೋಡಿ. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಮೊದಲ ತಲೆಮಾರಿನ ರೈಜೆನ್ ಇಲ್ಲ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. 5700ಎಕ್ಸ್ ಹಾಕಿದರೆ ಈ ತಲೆನೋವೂ ಹೋಗುತ್ತದೆ. ಗಿರಾಕಿಗಳ ಫೋಟೊ, ವಿಡಿಯೋ ಇರುವ ಮಷಿನ್ ಅಲ್ವಾ.

ಹಳೇಬೋರ್ಡ್_ದಾವಣಗೆರೆ
ಹೊಸ ಪ್ರೊಸೆಸರ್ ಬಂದ ಖುಷಿಯಲ್ಲಿ ನೇರ ಹಾಕಿಬಿಡಬೇಡ, ಸ್ಕ್ರೀನ್ ಕಪ್ಪಾಗಿಯೇ ಇರುತ್ತದೆ. ಹಳೇ 1600 ಕೂತಿರುವಾಗಲೇ ಬಯೋಸ್ ಅಪ್‌ಡೇಟ್ ಮಾಡಬೇಕು. ಬೋರ್ಡ್ ಕಂಪನಿಯ ಪುಟದಲ್ಲಿ 5700ಎಕ್ಸ್‌ಗೆ ಯಾವ ಬಯೋಸ್ ಬೇಕು ಅಂತ ಇರುತ್ತದೆ. ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುವುದನ್ನೂ ಓದು. ಕೆಲವು ಬೋರ್ಡ್‌ಗಳ ಬಯೋಸ್ ಚಿಪ್‌ನಲ್ಲಿ ಜಾಗ 16 ಎಂಬಿ ಮಾತ್ರ. ಹೊಸದು ಸೇರಿಸಲು ಹಳೇ ಪ್ರೊಸೆಸರ್‌ಗಳನ್ನು ಕೈಬಿಟ್ಟಿರುತ್ತಾರೆ. ಮೊದಲು ಮಧ್ಯದ ಒಂದು ಬಯೋಸ್ ಹಾಕಿ ಆಮೇಲೆ ಕೊನೆಯದು ಹಾಕಿ ಅಂತಲೂ ಇರಬಹುದು.

ಅಪ್‌ಡೇಟ್ ಮುಂಚೆ ಓವರ್‌ಕ್ಲಾಕ್ ಎಲ್ಲ ತೆಗೆದು ಮಾಮೂಲಿಗೆ ತಾ. ಯುಪಿಎಸ್ ಇಲ್ಲದೆ ಮುಟ್ಟಬೇಡ. ಗಾಳಿ ಮಳೆಯ ಸಂಜೆಯಂತೂ ಬೇಡವೇ ಬೇಡ.

ಸಿಂಧನೂರು_ಸ್ಟುಡಿಯೋ
ಎರಡು ವಾರ ಆಯಿತು, ಎಲ್ಲ ಮಾಡಿ ಮುಗಿಸಿ ಬರೆಯುತ್ತಿದ್ದೇನೆ.

ಕೂಲರ್ ಹಾಕಿದೆ. ಹಿಂದಿನ ಫ್ಯಾನ್ ಹಾಕಿದೆ. ರ‍್ಯಾಮ್ 2933, ಮೆಮ್‌ಟೆಸ್ಟ್ ರಾತ್ರಿಯೆಲ್ಲ ಓಡಿಸಿದೆ, ಎರರ್ ಇಲ್ಲ. ಮೊದಲು 3.7, 1.25 ಇಟ್ಟೆ. ಪ್ರೊಸೆಸರ್ ಪರೀಕ್ಷಿಸುವ ಸಿನಿಬೆಂಚ್ ಹತ್ತು ನಿಮಿಷ ಸಲೀಸಾಗಿ ಓಡಿತು. ಖುಷಿಯಾಗಿ ನಿಜವಾದ ಪ್ರಾಜೆಕ್ಟ್ ಎಕ್ಸ್‌ಪೋರ್ಟ್ ಹಾಕಿದರೆ ಎರಡನೇ ಗಂಟೆಯಲ್ಲಿ ಸಾಫ್ಟ್‌ವೇರ್ ತಾನೇ ಮುಚ್ಚಿಕೊಂಡಿತು. ಈವೆಂಟ್ ವ್ಯೂವರ್‌ನಲ್ಲಿ ವೀಯಾ ಎರರ್ (ವಿಂಡೋಸ್ ದಾಖಲಿಸುವ ಹಾರ್ಡ್‌ವೇರ್ ದೋಷ) ಎರಡು ಕೂತಿದ್ದವು. ಅಣ್ಣ ಹೇಳಿದ ಹಾಗೆ ವೋಲ್ಟ್ ಮುಟ್ಟಲಿಲ್ಲ, ಸ್ಪೀಡ್ 3.65ಕ್ಕೆ ಇಳಿಸಿದೆ. ಆಮೇಲೆ ಹನ್ನೊಂದು ದಿನ, ಆರು ಮದುವೆ, ಒಂದೂ ಎರರ್ ಇಲ್ಲ.

ಮೂರು ಗಂಟೆಯ ಎಕ್ಸ್‌ಪೋರ್ಟ್ ಈಗ 2 ಗಂಟೆ 44 ನಿಮಿಷ. ರೂಮು 39 ಇದ್ದಾಗ ಪ್ರೊಸೆಸರ್ 70. ಫ್ಯಾನ್ ಸದ್ದು ಎಷ್ಟು ಕಡಿಮೆ ಅಂದರೆ ನಾದಸ್ವರದ ಟ್ರ್ಯಾಕ್ ಸ್ಪೀಕರ್‌ನಲ್ಲೇ ಕೇಳಿಕೊಂಡು ಕಟ್ ಮಾಡುತ್ತಿದ್ದೇನೆ, ಹೆಡ್‌ಫೋನ್ ಪಕ್ಕಕ್ಕಿಟ್ಟೆ. ಮುಂದೆ ಎಎಮ್4 ನಂತರದ ಸಾಕೆಟ್ ಎಎಮ್5ಗೆ ಹೋದರೆ ಈ ಕೂಲರ್ ಆಗುತ್ತಾ ಅಣ್ಣ?

ಹಳೇಬೋರ್ಡ್_ದಾವಣಗೆರೆ
ಶಭಾಷ್. ಆಗುತ್ತದೆ. ಎಎಮ್4ನ ಹಿಂಬದಿ ಪ್ಲೇಟ್ ಬಳಸಿ ಸ್ಕ್ರೂ ಹಾಕುವ ಕೂಲರ್‌ಗಳು ಎಎಮ್5ಗೂ ಕೂರುತ್ತವೆ. ಅಲ್ಲಿ ಪಿನ್ ಪ್ರೊಸೆಸರ್‌ನಲ್ಲಿ ಇಲ್ಲ, ಸಾಕೆಟ್‌ನಲ್ಲಿದೆ. ಹಾಗಾಗಿ ಕಿತ್ತು ಬರುವ ಭಯವೂ ಇಲ್ಲ. ಆದರೆ ಬೋರ್ಡ್ ಹೊಸದು, ರ‍್ಯಾಮ್ ಡಿಡಿಆರ್5 ಆಗಲೇಬೇಕು. ಎಸ್‌ಎಂಪಿಎಸ್, ಕ್ಯಾಬಿನೆಟ್, ಎಸ್‌ಎಸ್‌ಡಿ, ಕೂಲರ್ ಇವೇ ನಡೆಯುತ್ತವೆ. ನೀನು ಮಾತ್ರ ಮೊದಲು 5700ಎಕ್ಸ್ ಹಾಕು, ಅದರಲ್ಲೇ ಇನ್ನೂ ಹಲವು ಸೀಸನ್ ನಡೆಯುತ್ತದೆ. ಅದಕ್ಕೆ ಹೀಗೆ ಒಂದೇ ಸ್ಪೀಡ್ ಕಟ್ಟಿ ಇಡಬೇಡ. ಅದರ ಬೂಸ್ಟ್ ತಾನೇ ಏರಿಳಿಯುತ್ತದೆ, ನಾವು ಕಟ್ಟಿಹಾಕಿದರೆ ಆ 4.6 ಕಳೆದುಕೊಳ್ಳುತ್ತೇವೆ. ಬಯೋಸ್‌ನಲ್ಲಿ ವೋಲ್ಟ್ ಹೊಂದಿಸುವ ಕರ್ವ್ ಆಪ್ಟಿಮೈಸರ್‌ನಲ್ಲಿ ಎಲ್ಲ ಕೋರ್‌ಗೂ ಮೈನಸ್ 10ರಿಂದ ಶುರು ಮಾಡು. ವೋಲ್ಟ್ ಇಳಿಯುತ್ತದೆ, ಬಿಸಿ ಇಳಿಯುತ್ತದೆ, ಸ್ಪೀಡ್ ತಾನಾಗೇ ಸ್ವಲ್ಪ ಏರುತ್ತದೆ. ಅದು ಹ್ಯಾಂಗ್ ಆಗುವುದಾದರೆ ಭಾರದ ಕೆಲಸದಲ್ಲಲ್ಲ, ಸುಮ್ನೆ ಬ್ರೌಸರ್ ತೆರೆದು ಕೂತಾಗ. ಆಗ ಗಾಬರಿಯಾಗದೆ ಎರಡು ಮೂರು ಅಂಕಿ ಹಿಂದಕ್ಕೆ ಬಾ.

ಸಿಂಧನೂರು_ಸ್ಟುಡಿಯೋ
ಸರಿ ಅಣ್ಣ. ದೀಪಾವಳಿ ಹೊತ್ತಿಗೆ ತಗೋತೀನಿ. ಬಯೋಸ್ ಮಾತ್ರ ಈ ಭಾನುವಾರವೇ ಮಾಡಿಬಿಡುತ್ತೇನೆ, ಪಕ್ಕದ ಅಂಗಡಿಯವರು ಯುಪಿಎಸ್ ಕೊಡುತ್ತೇನೆ ಅಂದಿದ್ದಾರೆ.

ಶಿವಮೊಗ್ಗ_ಲ್ಯಾಬ್
ಪ್ರೊಸೆಸರ್ ಬದಲಿಸುವ ದಿನ ಮತ್ತೆ ಹತ್ತು ನಿಮಿಷ ಬಿಸಿ ಮಾಡಿ, ತಿರುಗಿಸಿ, ಆಮೇಲೆ ಎತ್ತಿ. ಮರೆಯಬೇಡಿ.